ಲೆಕ್ಕದಲ್ಲಿಲ್ಲದ ಕೈ

ನಮ್ಮ ಡಾಕ್ಟರಮ್ಮನ ಎಡಗೈ ತುಂಬ ಗಾಜಿನ ಬಳೆ, ಬಲಗೈ ಬೋಳು. ರವಿಕೆಯ ಬಲತೋಳನ್ನು ಭುಜದವರೆಗೆ ಮಡಚಿ ಪಿನ್ನು ಹಾಕಿರುತ್ತಿದ್ದರು. ದಿನಕ್ಕೆ ನಾಲ್ಕಾರು ಹಸುಗಳ ಒಳಗೆ ಹಾಕಿ ಗರ್ಭ ನೋಡಬೇಕಾದ ಕೈ ಅದು. ಮದುವೆ ಮನೆಗೂ ಹಾಗೆಯೇ ಹೋಗುತ್ತಿದ್ದರು.

ನಾನು ನಂಜನಗೂಡಿನ ಕಡೆ ಎತ್ತುಗಳಿಗೆ ಲಾಳ ಕಟ್ಟುತ್ತಿದ್ದವನು. ಓದಿದ್ದು ಐದನೇ ಕ್ಲಾಸು. ಆದರೆ ಎಂಥ ಪುಂಡ ಎತ್ತನ್ನೂ ಹಗ್ಗ ಹಾಕಿ ನೋವಾಗದಂತೆ ಕೆಡವುವುದರಲ್ಲಿ ಸುತ್ತಮುತ್ತ ನನ್ನ ಸಮ ಇರಲಿಲ್ಲ, ಈಗಲೂ ಹೇಳುತ್ತೇನೆ. ಹತ್ತಿರದ ಹೆಮ್ಮರಗಾಲದಲ್ಲಿ ಅದನ್ನು ಕಂಡ ಡಾಕ್ಟರಮ್ಮ, ಟಿ. ನರಸೀಪುರದಲ್ಲಿ ತಾವೇ ನಡೆಸುತ್ತಿದ್ದ ದನದ ಆಸ್ಪತ್ರೆಗೆ ಕರೆದರು. ಕಬ್ಬಿನ ಗಾಡಿ ಎಳೆದು ಮಂಡಿ ಊದಿದ ಎತ್ತುಗಳಿಗೆ ಅಲ್ಲಿ ಎಕ್ಸ್‌ರೇ ತೆಗೆಯುತ್ತಿದ್ದರು. ಕಾಲು ಅಲುಗದಂತೆ ಹಿಡಿಯುವುದು ನನ್ನ ಕೆಲಸ; ಉಳಿದ ಹೊತ್ತು ಊರಲ್ಲಿ ಲಾಳ ಕಟ್ಟುತ್ತಿದ್ದೆ. ಫಿಲ್ಮಿನಲ್ಲಿ ಎತ್ತಿನ ಮಂಡಿಯ ಪಕ್ಕ ನನ್ನ ಬೆರಳಿನ ಮೂಳೆಗಳೂ ಮೂಡುತ್ತಿದ್ದವು. ಒಂದನ್ನು ಕೇಳಿ ತಂದು, ಟೀ ಅಂಗಡಿಯಲ್ಲಿ ಎಲ್ಲರಿಗೂ ತೋರಿಸಿ ಮೆರೆದಿದ್ದೆ.

ಮೂರು ವರ್ಷ ಹೀಗೇ ನಡೆಯಿತು. ಹೆಂಡತಿ ಬಸುರಿಯಾದಳು. ಅದೇ ಹೊತ್ತಿಗೆ ನನ್ನ ಬೆರಳ ತುದಿಗಳು ಸುಲಿಯತೊಡಗಿದವು.

"ಆ ಬೆಳಕು ಮೈಮೇಲೆ ಬಿದ್ರೆ ಊನದ ಮಗು ಉಟ್ತದಂತೆ. ನಿಮ್ಗೆ ಎತ್ತಿನ ಕಾಲೇ ಎಚ್ಚಾಯ್ತಾ?" ಎಂದು ಅವಳು ಅತ್ತಳು.

"ಅವರಿವರ ಮಾತು ಕಟ್ಕೊಂಡು ಅಳ್ಬೇಡ, ಸುಮ್ಕಿರಮ್ಮಿ" ಅಂದೆ. ಅಂದವನಿಗೇ ಊಟ ಸೇರಲಿಲ್ಲ.

ಡಾಕ್ಟರಮ್ಮ ಆಗ ಓದಿನ ಕೆಲಸವೊಂದನ್ನು ಹಚ್ಚಿಕೊಂಡಿದ್ದರು. ಕಂಪ್ಯೂಟರಿನಲ್ಲಿ ಸಣ್ಣ ಸಣ್ಣ ಚೌಕ ಸೇರಿಸಿ ಎತ್ತಿನ ಮಂಡಿಯೊಂದನ್ನು ಕಟ್ಟುವುದು. ಎಕ್ಸ್‌ರೇ ಹಾಯ್ದರೆ ಮೂಳೆ ಎಷ್ಟು ಹೀರುತ್ತದೆ, ಕೀಲಿನ ನೀರು ಎಷ್ಟು, ಮಾಂಸ ಎಷ್ಟು ಎಂದು ಲೆಕ್ಕ ಹಾಕುವುದು. "ಕಣ್ಣಿಗೆ ಕಾಣದ್ದಕ್ಕೇ ಲೆಕ್ಕ ಬೇಕಾಗೋದು ಕಣ್ರೀ" ಅನ್ನುತ್ತಿದ್ದರು. ಒಂದು ದಿನ ಖುಷಿಯಿಂದ ಕರೆದು ತೋರಿಸಿದರು. ಮೂಳೆ ಕೆಂಪು, ಮಾಂಸ ಹಳದಿ.

"ಹೆಂಗಿದೆ ನಮ್ಮೆತ್ತು?"

"ಎತ್ತೇನೋ ಚೆಂದಾಗದೆ. ಇದ್ರಲ್ಲಿ ನನ್ ಕೈ ಎಲ್ಲವ್ವಾ?"

ಅವರ ನಗು ನಿಂತಿತು. ನಾನೂ ಬಿಡಲಿಲ್ಲ, ಸುಲಿದ ಬೆರಳು ತೋರಿಸಿ ಬಸುರಿ ಹೆಂಡತಿಯ ಭಯವನ್ನೂ ಹೇಳಿದೆ. "ಅಲ್ದೆ ಇದು ನಿಂತಿರೋ ಎತ್ತು. ನಾವು ಕೆಡವಿ, ಮಂಡಿ ಮಡಚಿ ಹಿಡೀತೀವಿ."

ಡಾಕ್ಟರಮ್ಮ ತಮ್ಮ ಮೊಣಕೈಯನ್ನೇ ಎತ್ತಿನ ಮಂಡಿ ಮಾಡಿ ಮೇಜಿನ ಮೇಲೆ ಚಾಚಿದರು. "ಹಿಡೀರಿ, ಎತ್ತಿಗೆ ಹಿಡಿಯೋ ಹಾಗೇ." ಆಮೇಲೆ ಟೇಪು ತಂದು ನನ್ನ ಬೆರಳು, ಎದೆ, ಸೊಂಟ ಮಿಷನ್ನಿನಿಂದ ಎಷ್ಟೆಷ್ಟು ದೂರ ಎಂದು ಅಳೆದು ಬರೆದುಕೊಂಡರು. ಮಡಚಿದ ಮಂಡಿ, ಪಕ್ಕದಲ್ಲಿ ನನ್ನ ಕೈ, ಹಿಂದೆ ನಾನು: ಎಲ್ಲವನ್ನೂ ಹೊಸದಾಗಿ ಕಟ್ಟಿದರು. ಕಂಪ್ಯೂಟರು ಲೆಕ್ಕ ಮುಗಿಸಲು ಎರಡು ದಿನ ತೆಗೆದುಕೊಂಡಿತು. ಆ ಎರಡು ದಿನ ನಾನು ಒಂದು ಲಾಳವನ್ನೂ ಕಟ್ಟಲಿಲ್ಲ.

ಮೂರನೆಯ ದಿನ ಎದುರಿಗೆ ಕೂರಿಸಿಕೊಂಡು ಹೇಳಿದರು: "ಬೆರಳಿಗೆ ಒಂದಿಷ್ಟು ಬಿದ್ದಿದೆ. ಅದು ನನ್ನ ತಪ್ಪು, ನಿಮ್ದಲ್ಲ. ಆದ್ರೆ ಕಾಯಿಲೆ ತರೋವಷ್ಟಿಲ್ಲ. ಸೊಂಟದ ಹತ್ರ ಬಂದಿರೋದು ಇಲ್ಲ ಅನ್ನೋವಷ್ಟು ಕಮ್ಮಿ. ಮಗೂಗೆ ಏನೂ ಭಯ ಇಲ್ಲ."

"ಮತ್ತೆ ಸುಲೀತಾ ಇರೋದು?"

"ಫಿನಾಯಿಲಲ್ಲಿ ಕೈ ತೊಳೀಬೇಡಿ ಅಂತ ಎಷ್ಟು ಸಲ ಹೇಳಿದೀನಿ ಯಜಮಾನ್ರೇ?"

ಹಿಂದಿರುಗುವಾಗ ಬಸ್ಸಿನಲ್ಲಿ ಕೂತ ತಕ್ಷಣ ನಿದ್ದೆ ಬಂತು. ನಂಜನಗೂಡಿನಲ್ಲಿ ಕಂಡಕ್ಟರೇ ಎಬ್ಬಿಸಬೇಕಾಯಿತು.

ಆಮೇಲೆ ಕಾಲಿಗೆ ಕೈ ಹಚ್ಚಲು ಅವರು ಬಿಡಲಿಲ್ಲ. ಉದ್ದನೆಯ ಬೇವಿನ ಕವೆಗೋಲು ಮಾಡಿಕೊಂಡೆ. ಅದರಲ್ಲೇ ಕಾಲು ಒತ್ತಿ ಹಿಡಿದು ದೂರ ನಿಲ್ಲುತ್ತಿದ್ದೆ.

ಡಾಕ್ಟರಮ್ಮ ಈಗಿಲ್ಲ. ನೆನೆದಾಗಲೆಲ್ಲ ನನ್ನ ಮಗಳು ಹುಟ್ಟಿದ ದಿನ ಅವರು ಮನೆಗೆ ಬಂದದ್ದೇ ಕಣ್ಣ ಮುಂದೆ ಬರುತ್ತದೆ. ಗಂಡೋ ಹೆಣ್ಣೋ ಕೇಳಲಿಲ್ಲ. ಕೈ ತೊಳೆದು ಬಂದವರೇ ಮಗುವಿನ ಬಟ್ಟೆ ಸರಿಸಿ, ನೆತ್ತಿಯಿಂದ ಹಿಮ್ಮಡಿಯವರೆಗೆ ಮುಟ್ಟಿ ಮುಟ್ಟಿ ನೋಡಿದರು. ನೋಡಿ ಮುಗಿದ ಮೇಲೆ ಗೋಡೆಗೊರಗಿ ನೆಲದ ಮೇಲೇ ಕೂತುಬಿಟ್ಟರು.

"ಏನೂ ಭಯ ಇಲ್ಲ ಅಂದಿದ್ರಲ್ಲವ್ವಾ?" ಅಂದೆ.

"ಇರ್ಲಿಲ್ಲ ಕಣ್ರೀ" ಎಂದು ಸೆರಗಿನಲ್ಲಿ ಕಣ್ಣೊರೆಸಿಕೊಂಡರು. "ಆದ್ರೂ ಇವತ್ತಿನ ತನಕ ನಂಗೂ ಸರಿಯಾಗಿ ನಿದ್ದೆ ಬಂದಿಲ್ಲ."