ಚೆಂದಕ್ಕೆ ಸೇರಿಸಿದ ಹನ್ನೊಂದು ಸಾಲು

ಸಂಡೂರು ರಸ್ತೆಯ ಒಂದು ಅದಿರು ಯಾರ್ಡಿನಲ್ಲಿ ಲಾರಿ ತೂಗುವ ವೇಬ್ರಿಡ್ಜಿನ ಸಾಫ್ಟ್‌ವೇರ್ ನೋಡಿಕೊಳ್ಳುವುದು ನನ್ನ ಕೆಲಸ. ಹೊಸಪೇಟೆಯಿಂದ ದಿನಾ ಬಸ್ಸು; ಇಳಿಯುವ ಹೊತ್ತಿಗೆ ಅದಿರಿನ ಧೂಳಿಗೆ ದುಪಟ್ಟಾ ಕೆಂಪು. ಅಲ್ಲಿ ತೂಕದ ಕುರ್ಚಿಯಲ್ಲಿ ಕೂರುತ್ತಿದ್ದವರು ಕುರೆಕುಪ್ಪದ ಒಬ್ಬ ಹಿರಿಯ ಆಪರೇಟರ್. ಇಡೀ ಯಾರ್ಡಿನಲ್ಲಿ ನನ್ನನ್ನು ಮೇಡಂ ಎನ್ನದೆ ತಂಗಿ ಎನ್ನುತ್ತಿದ್ದವರು ಅವರೊಬ್ಬರೇ.

ಒಂದು ದಿನ ಅವರ ಲಾಗಿನ್ನಿನಲ್ಲಿ ಆರು ಲಾರಿಗಳ ತೂಕ ತಿದ್ದಿರುವುದು ಸಿಕ್ಕಿತು. ಅವರನ್ನು ಗೇಟಿನ ಹೊರಗೆ ನಿಲ್ಲಿಸಿದರು.

"ನಾ ಮುಟ್ಟಿಲ್ಲ ತಂಗಿ, ಮಕ್ಕಳಾಣೆ."

ಪೂರ್ತಿ ನಂಬಿದೆ ಅಂದರೆ ಸುಳ್ಳಾಗುತ್ತದೆ. ಅರ್ಧ ನಂಬಿದೆ. ಉಳಿದರ್ಧಕ್ಕೆ ಕೋಡ್ ತೆರೆದು ಕೂತೆ.

ತಪ್ಪು ಕರ್ನೆಲ್ಲಿನಲ್ಲಿತ್ತು, ಅಂದರೆ ಆಪರೇಟಿಂಗ್ ಸಿಸ್ಟಮ್ಮಿನ ಒಳಗಿನ ಒಳಗೆ. ತೂಕದ ಯಂತ್ರದ ಜೊತೆ ಮಾತಾಡುವ ಡ್ರೈವರ್ ಎಂಬ ಪುಟ್ಟ ಪ್ರೋಗ್ರಾಂ ಅಲ್ಲಿರುತ್ತದೆ. ತೂಕ ತಿದ್ದಬೇಕೆಂದು ಯಾರಾದರೂ ಕೇಳಿದರೆ ಅದು ಮೊದಲು ಅವರಿಗೆ ಅನುಮತಿ ಇದೆಯೇ ಎಂದು ನೋಡುತ್ತದೆ, ಆಮೇಲೆ ತಿದ್ದುತ್ತದೆ. ಈ ಎರಡರ ನಡುವೆ ಬೀಗ ಹಾಕಿರಲಿಲ್ಲ. ಆಪರೇಟರ್ ಕೆಲಸ ಮಾಡುತ್ತಿರುವಾಗಲೇ ಬೇರೆ ಲಾಗಿನ್ನಿನ ಇನ್ನೊಂದು ಪ್ರೋಗ್ರಾಂ ಆ ಸಂದಿಯಲ್ಲಿ ನುಗ್ಗಿದರೆ ಕೆಲಸ ಅದರದು, ಹೆಸರು ಇವರದು.

ಗೇಟಿನಾಚೆಯ ಚಹಾದಂಗಡಿಯಲ್ಲಿ ಅವರಿಗೆ ಇದನ್ನು ಹೇಳಿದೆ. ತಕ್ಷಣ ಹಿಡಿದುಬಿಟ್ಟರು.

"ಕಂಪ್ಲಿ ಬಸ್ಸಿನ ಟವೆಲ್ ಇದ್ದಂಗ. ಸೀಟು ಖಾಲಿ ಐತಿ ಅಂತ ನೋಡಿ ನಾ ಟವೆಲ್ ತಗಿಯೋದ್ರಾಗ ಆ ಕಡಿ ಕಿಟಕಿಯಿಂದ ಇನ್ನೊಬ್ಬಂದು ಬಿದ್ದಿರ್ತೈತಿ."

"ಹಂಗಽ ಅಣ್ಣಾ."

"ಸಾಹೇಬರಿಗೆ ತೋರ್ಸಾಕ ಆಗ್ತೈತೇನು?"

ತೋರಿಸುತ್ತೇನೆ ಅಂದೆ. ಎಷ್ಟು ಧಿಮಾಕಿನಿಂದ ಅಂದೆ!

ಈ ಜಾತಿಯ ತಪ್ಪು ಕರೆದಾಗ ಬರುವುದಿಲ್ಲ. ನನ್ನ ಪರೀಕ್ಷೆಯಲ್ಲಿ ಒಮ್ಮೆ ಇಪ್ಪತ್ತನೆಯ ಸಲಕ್ಕೆ, ಒಮ್ಮೆ ಇನ್ನೂರನೆಯ ಸಲಕ್ಕೆ ಬಂದಿತ್ತು. ಬರುತ್ತದೆ ಎಂಬುದಂತೂ ಖಾತ್ರಿಯಿತ್ತು. ಆದರೂ ಇದನ್ನು ನೋಡಲು ಸಾಹೇಬರು ಕರೆದ ಸಭೆಯ ದಿನ ಬೆಳಿಗ್ಗೆ ನನಗೊಂದು ಶೋಕಿ ಹುಟ್ಟಿತು. ಯಾರು ಯಾವಾಗ ಒಳಬಂದರು ಎಂಬುದು ಸಾಹೇಬರಿಗೆ ಪರದೆಯ ಮೇಲೆ ಹೆಜ್ಜೆ ಹೆಜ್ಜೆಯಾಗಿ ಕಾಣಲಿ ಎಂದು ಡ್ರೈವರಿನಲ್ಲಿ ಹನ್ನೊಂದು ಸಾಲು ಸೇರಿಸಿದೆ. ಪ್ರತಿ ಹೆಜ್ಜೆಗೂ ಒಂದು ಬರಹ ಮೂಡುವಂತೆ.

ಮೂವರು ಸಾಹೇಬರು ಕೂತಿದ್ದರು. ಆಪರೇಟರ್ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಬಾಗಿಲ ಹತ್ತಿರ ನಿಂತಿದ್ದರು. ಒಂದು ಗಂಟೆ ಅದೇ ಪರೀಕ್ಷೆ ಓಡಿಸಿದೆ. ಸಾಲುಗಳು ಅಚ್ಚುಕಟ್ಟಾಗಿ ಮೂಡಿದವು: ನೋಡಿತು, ತಿದ್ದಿತು, ನೋಡಿತು, ತಿದ್ದಿತು. ನಡುವೆ ಯಾರೂ ನುಗ್ಗಲಿಲ್ಲ.

"ಎಲ್ಲಾ ಸರಿ ಐತಲ್ರಿ ಮೇಡಂ, ನೀವಽ ತೋರ್ಸಿದ್ರಿ," ಎಂದರು ದೊಡ್ಡ ಸಾಹೇಬರು.

ಅಂದೇ ಮಧ್ಯಾಹ್ನ ಆಪರೇಟರನ್ನು ಕೆಲಸದಿಂದ ತೆಗೆದರು. ಆದೇಶದಲ್ಲಿ ನನ್ನ ಪರೀಕ್ಷೆಯ ಫಲಿತಾಂಶವನ್ನೂ ಬರೆದಿದ್ದರು.

ವಾಪಸು ಬಸ್ಸಿನಲ್ಲಿ ಹೊಳೆಯಿತು. ಬರಹ ಮೂಡಿಸಲು ಡ್ರೈವರಿಗೆ ಸಮಯ ಹಿಡಿಯುತ್ತದೆ. ನನ್ನ ಹನ್ನೊಂದು ಸಾಲುಗಳಿಂದ ಎಲ್ಲದರ ವೇಳೆ ಏರುಪೇರಾಗಿ, ಎರಡೂ ಪ್ರೋಗ್ರಾಂಗಳು ಒಟ್ಟಿಗೆ ಬಾಗಿಲಿಗೆ ಬರುವುದೇ ನಿಂತುಹೋಗಿತ್ತು. ಈ ಕೆಲಸದಲ್ಲಿ ಮೊದಲ ವರ್ಷವೇ ಕಲಿಯುವ ಪಾಠವಿದು. ನನಗೆ ಗೊತ್ತಿತ್ತು. ಸೀಟಿನಲ್ಲಿ ಮುಖ ಮುಚ್ಚಿಕೊಂಡು ಅತ್ತೆ.

ಮರುದಿನ ಸಾಲುಗಳನ್ನು ಅಳಿಸಿ ಓಡಿಸಿದೆ. ಹತ್ತೊಂಬತ್ತನೆಯ ಸಲಕ್ಕೆ ಬಂತು. ಲ್ಯಾಪ್‌ಟಾಪ್ ಎತ್ತಿಕೊಂಡು ಓಡಿದೆ. ದೊಡ್ಡ ಸಾಹೇಬರು ತಲೆ ಎತ್ತಲಿಲ್ಲ.

"ಆ ಫೈಲ್ ಮುಗೀತ್ರಿ. ತಪ್ಪಿದ್ರ ಜಲ್ದಿ ಸರಿಮಾಡ್ರಿ."

ಸರಿಮಾಡಿದೆ. ಬೀಗಕ್ಕೆ ಬೇಕಾದದ್ದು ಎರಡೇ ಸಾಲು.

ಆ ಭಾನುವಾರ ಕುರೆಕುಪ್ಪಕ್ಕೆ ಹೋಗಿ ನಡೆದದ್ದನ್ನೆಲ್ಲ ಒಪ್ಪಿಕೊಂಡೆ. ಅವರು ಬೈಯಲಿಲ್ಲ. ಬೈದಿದ್ದರೆ ಬದುಕುತ್ತಿದ್ದೆ. ನೀರು ಕೊಟ್ಟು, ಎದುರಿಗೆ ಕೂತು ಒಂದೇ ಮಾತು ಕೇಳಿದರು.

"ಯಾರ್ಡಿನ ಕಂಪ್ಯೂಟರಿನ್ಯಾಗ ಆ ತಪ್ಪು ಈಗೂ ಐತೇನು ತಂಗಿ?"

"ಇಲ್ಲ ಅಣ್ಣಾ. ನಾನಽ ತಗದೆ."

"ಚಲೋ ಆತು ಬಿಡು," ಎಂದರು. ನನ್ನ ಕೈಯಿಂದ ಲೋಟ ತೆಗೆದುಕೊಳ್ಳುತ್ತಾ ಅಂದರು, "ನನ್ನ ಕಡಿ ಸಾಕ್ಷಿ ಅಂತ ಅದೊಂದಽ ಇತ್ತು."