ಅಫಜಲಪುರದ ಡ್ರಮ್ಮು, ಖಜೂರಿಯ ಗುಂಡಕಲ್ಲು

ದೆವ್ವ, ಮಾಟ, ಪವಾಡ ಇವುಗಳನ್ನು ನಂಬುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಕನಿಕರ. ಕನಿಕರ ಅಂತ ಮರ್ಯಾದೆಗೆ ಹೇಳಿದೆ, ನಿಜವಾಗಿ ಅದು ತಾತ್ಸಾರ. ನಾನು ಸರ್ವೆ ಇಲಾಖೆಯಲ್ಲಿ ಭೂಮಾಪಕನಾಗಿದ್ದವನು. ಸರಪಳಿ ಹಿಡಿದು ಅಳೆದದ್ದು ಮಾತ್ರ ಇದೆ, ಉಳಿದದ್ದೆಲ್ಲ ಬಾಯಿಮಾತು ಎಂದು ನಂಬಿ ಸಂಬಳ ತಿಂದವನು. ಅಂಥವನು ಈಗ ಒಂದು ಕಲ್ಲಿನ ಕತೆ ಹೇಳಲು ಕುಳಿತಿದ್ದೇನೆ. ನೀವು ನಗಬಹುದು. ನಿಮ್ಮ ಜಾಗದಲ್ಲಿದ್ದರೆ ನಾನೂ ನಗುತ್ತಿದ್ದೆ.

ಎಂಬತ್ತರ ದಶಕದ ಮಾತು. ಜೇವರ್ಗಿ ತಾಲೂಕಿನಲ್ಲಿ ಹೊಲ ಅಳೆಯುತ್ತ ತಿರುಗುವಾಗ ಬಣ್ಣದ ಕಲ್ಲು ಆರಿಸುವ ಚಟ ಹತ್ತಿತು. ಅಫಜಲಪುರಕ್ಕೆ ವರ್ಗವಾದ ಮೇಲೆ ಭೀಮಾ ನದಿಯ ದಂಡೆ ಸಿಕ್ಕಿತು, ಚಟ ರೋಗವಾಯಿತು. ಮನೆಯ ಹತ್ತಿರ ಹಿಟ್ಟಿನ ಗಿರಣಿ ಇಟ್ಟಿದ್ದ ಲಾಲಸಾಬ ನನ್ನ ಸ್ನೇಹಿತ. ಅವನ ಹಳೆಯ ಮೋಟರಿಗೆ ಒಂದು ಎಣ್ಣೆ ಡ್ರಮ್ಮು ಜೋಡಿಸಿ, ಒಳಗೆ ಲಾರಿಯ ಟ್ಯೂಬು ಹೊಂದಿಸಿ, ಗಿರಣಿಯ ಹಿಂದಿನ ತಗಡಿನ ಶೆಡ್ಡಿನಲ್ಲಿ ನಿಲ್ಲಿಸಿದೆವು. ಡ್ರಮ್ಮಿಗೆ ಕಲ್ಲು, ನೀರು, ಅರೆಯುವ ಪುಡಿ ಹಾಕಿ ಮುಚ್ಚಳ ಬಿಗಿದು ತಿರುಗಲು ಬಿಟ್ಟರೆ ವಾರಗಟ್ಟಲೆ ಉರುಳಿ ಉರುಳಿ ಕಲ್ಲು ನುಣುಪಾಗುತ್ತದೆ. ಮೊದಲು ಒರಟು ಪುಡಿ, ಆಮೇಲೆ ಸಣ್ಣ ಪುಡಿ, ಕೊನೆಗೆ ಹೊಳಪಿನ ಪುಡಿ. ದೊಡ್ಡ ಕಲ್ಲನ್ನು ಒಂಟಿಯಾಗಿ ಹಾಕಬಾರದು, ಸುತ್ತ ಸಣ್ಣ ಹರಳು ತುಂಬಬೇಕು, ಇಲ್ಲದಿದ್ದರೆ ಸೀಳುತ್ತದೆ. ಪುಡಿಯನ್ನು ಶಹಾಬಾದ ಕಡೆ ನೆಲಕ್ಕೆ ಹಾಸುವ ಪರಸಿಗೆ ಪಾಲಿಶ್ ಮಾಡುವವರಿಂದ ತರಿಸುತ್ತಿದ್ದೆ. ನನ್ನ ಹೆಂಡತಿ ಶಾಂತಾ ಸಹನೆಯ ಹೆಂಗಸು. "ಮನಿಯಾಗ ಕಲ್ಲ ಇಡಬ್ಯಾಡ್ರಿ ಅನ್ನಂಗಿಲ್ಲ, ಬ್ಯಾಳಿ ಡಬ್ಬ್ಯಾಗ ಇಡಬ್ಯಾಡ್ರಿ" ಎಂದಷ್ಟೇ ಹೇಳುತ್ತಿದ್ದಳು.

ಆ ದಿನಗಳಲ್ಲಿ ಭೂಗರ್ಭ ಸರ್ವೆಗೆ ಬಂದಿದ್ದ ಒಬ್ಬ ಅಧಿಕಾರಿ ನನ್ನ ಹುಚ್ಚು ನೋಡಿ ಅಂಗೈ ಅಗಲದ ಒಂದು ಹವಳದ ಕಲ್ಲು ತೋರಿಸಿದರು. ಸಮುದ್ರದ ಹವಳ ಲಕ್ಷಾಂತರ ವರ್ಷ ಮಣ್ಣಿನಡಿ ಇದ್ದು ಕಲ್ಲಾಗಿತ್ತು. ಮೈಮೇಲೆಲ್ಲ ಸಣ್ಣ ಹೂವಿನ ಚಿತ್ತಾರ. ಅಂಥದ್ದು ನಮ್ಮ ಕಡೆ ಸಿಗುವುದೇ ಇಲ್ಲ ಎಂದು ಹೇಳಿ, ನನ್ನ ಹೊಟ್ಟೆ ಉರಿಸಿ, ಅದನ್ನು ಜೇಬಿಗೆ ಹಾಕಿಕೊಂಡು ಹೋದರು.

ಅದಾಗಿ ಒಂದು ತಿಂಗಳಿಗೆ ಆಳಂದ ತಾಲೂಕಿನ ಖಜೂರಿಯಲ್ಲಿ, ಅತ್ತೆಯ ಮನೆಯಲ್ಲಿ, ಅಂಥದೇ ಕಲ್ಲು ಕಂಡೆ. ಅದು ಅತ್ತೆಯ ಗುಂಡಕಲ್ಲು. ಒರಳಿನಲ್ಲಿ ಚಟ್ನಿ ಅರೆಯುವ, ತೆಂಗಿನಕಾಯಿಗಿಂತ ತುಸು ದೊಡ್ಡದಾದ ಕಲ್ಲು. ತೊಳೆದು ಬಿಸಿಲಿಗೆ ಇಟ್ಟಿದ್ದರು. ಹಸಿ ಮೈಮೇಲೆ ಹೂವೇ ಹೂವು. ಒಣಗುತ್ತಿದ್ದಂತೆ ಮಾಯ. ಅತ್ತೆಯ ಅತ್ತೆ ತವರಿನಿಂದ ತಂದದ್ದಂತೆ, ಆ ತವರು ಯಾವುದೆಂದು ಯಾರಿಗೂ ನೆನಪಿಲ್ಲ. ನಾನು ಚಟ್ನಿ ಮಾಡುವ ರೀತಿ ಕೇಳುವ ನೆಪದಲ್ಲಿ ಜೇಬಿನ ಟೇಪು ತೆಗೆದು ಅದರ ಸುತ್ತಳತೆ ಹಿಡಿದೆ. ಇಡೀ ಓಣಿಗೆ ಸುದ್ದಿಯಾಯಿತು. ಅತ್ತೆ ಮಗಳನ್ನು ಒಳಗೆ ಕರೆದು, "ನಿನ್ನ ಗಂಡ ಅಡಗಿಮನಿ ಅಳತಿ ಮಾಡಾಕತ್ತಾನ. ಪಾಲು ಕೇಳ್ತಾನೇನ ಬೇ?" ಎಂದು ಕೇಳಿದರಂತೆ.

ಬೇಡಿದ್ದರೆ ಅತ್ತೆ ಕೊಡುತ್ತಿರಲಿಲ್ಲ. ಆದ್ದರಿಂದ ಬೇಡಲಿಲ್ಲ, ಕದ್ದೆ. ಮಣ್ಣೂರಿನ ಹತ್ತಿರ ಭೀಮಾ ದಂಡೆಯಲ್ಲಿ ಟೇಪು ಹಿಡಿದು ಅಷ್ಟೇ ಗಾತ್ರದ ಕಪ್ಪು ಕಲ್ಲೊಂದನ್ನು ಹುಡುಕಿದೆ. ಅದರ ನಡುವಿಗೆ ಬಿಳಿ ಗೆರೆಯೊಂದು ಸುತ್ತಿತ್ತು, ಅದನ್ನು ಬಿಟ್ಟರೆ ಎಲ್ಲಾ ಹೊಂದುತ್ತಿತ್ತು. ಬಸುರಿ ಶಾಂತಾಳ ಏಳನೇ ತಿಂಗಳ ಕುಬಸಕ್ಕೆ, ಎಂದರೆ ಸೀಮಂತಕ್ಕೆ, ಖಜೂರಿಗೆ ಹೋದಾಗ ಅದನ್ನು ಚೀಲದಲ್ಲಿ ಒಯ್ದೆ. ಮರುದಿನ ಹೆಂಗಸರು ಉಳಿದ ಹೋಳಿಗೆ ಹಂಚಲು ಹೊರಗೆ ಹೋದಾಗ ಅದಲುಬದಲು ಮಾಡಿದೆ. ಅತ್ತೆಗೆ ಕಣ್ಣಿನಲ್ಲಿ ಪೊರೆ ಬಂದಿತ್ತು, ಅದು ನನಗೆ ಅನುಕೂಲವಾಯಿತು. ಶಾಂತಾಳನ್ನು ಹೆರಿಗೆಗೆ ಅಲ್ಲೇ ಬಿಟ್ಟು ಬಸ್ಸು ಹತ್ತಿದರೆ ಕಂಡಕ್ಟರ್ ಚೀಲ ಸರಿಸಲು ಹೋಗಿ, "ಏನ್ ಸಾಹೇಬ್ರ, ಕಲ್ಲ ಇಟ್ಟೀರೇನು ಇದರಾಗ?" ಎಂದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ ನಾನು ಆಳಂದ ಮುಟ್ಟುವವರೆಗೂ ಬೆವರಿದೆ.

ಇಲ್ಲಿ ಓದುಗರು ಗಮನ ಕೊಡಬೇಕು. ನಾನು ತಂದದ್ದು ಅತ್ತೆಯ ಕಲ್ಲನ್ನೇ, ಗಡಿಬಿಡಿಯಲ್ಲಿ ನನ್ನ ಕಲ್ಲನ್ನೇ ವಾಪಸು ತಂದಿರಲಿಲ್ಲ. ಅಫಜಲಪುರಕ್ಕೆ ಬಂದ ಕೂಡಲೇ ನೀರು ಹಾಕಿ ಲಾಲಸಾಬನಿಗೆ ತೋರಿಸಿದೆ. "ಸಾಹೇಬ್ರ, ಇದರ ಮ್ಯಾಲ ಹೂವಿನ ಖಾನೇಷುಮಾರಿ ಮಾಡಬೇಕ್ರಿ" ಎಂದು ಅವನು ಎಣಿಸಲು ಕುಳಿತು, ನೂರು ದಾಟಿದ ಮೇಲೆ ಬೇಸತ್ತು ಬಿಟ್ಟ. ಕಲ್ಲಿನ ಒಂದು ತುದಿಯಲ್ಲಿ ಹಳೆಯ ಪೆಟ್ಟಿನ ತಗ್ಗಿತ್ತು. ಒರಟು ಪುಡಿಯಲ್ಲಿ ಒಂದು ತಿಂಗಳು ಉರುಳಿಸಿ ತೆಗೆದಾಗ ಹೂವುಗಳು ಇನ್ನೂ ಚೆನ್ನಾಗಿ ಎದ್ದಿದ್ದವು, ತಗ್ಗಿನ ಅಂಚು ದುಂಡಗಾಗಿತ್ತು. ಸಣ್ಣ ಪುಡಿಯ ನಂತರವೂ ಇಬ್ಬರೂ ನೋಡಿದೆವು. ಕೊನೆಗೆ ಹೊಳಪಿನ ಪುಡಿ ಹಾಕಿ ಮುಚ್ಚಳ ಬಿಗಿದು ಶೆಡ್ಡಿಗೆ ಬೀಗ ಹಾಕಿದೆ. ಬೀಗದ ಕೈ ಒಂದೇ, ಅದು ನನ್ನ ಉಡದಾರದಲ್ಲಿತ್ತು.

ಒಂದು ವಾರ ಕಳೆದ ಮೇಲೆ, ಮಧ್ಯಾಹ್ನ ಮೂರರ ಸುಮಾರಿಗೆ, ಡ್ರಮ್ಮು ಇದ್ದಕ್ಕಿದ್ದ ಹಾಗೆ ನಿಂತಿತು. ನಾನು ಶೆಡ್ಡಿನ ಬೀಗ ತೆಗೆದು ಬಾಗಿಲಲ್ಲೇ ಕುಳಿತಿದ್ದೆ. ಕರೆಂಟು ಇತ್ತು, ಪಕ್ಕದಲ್ಲಿ ಗಿರಣಿ ನಡೆಯುತ್ತಿತ್ತು. ಪಟ್ಟಾ ಜಾರಿರಲಿಲ್ಲ, ಮೋಟರು ಬಿಸಿಯಾಗಿರಲಿಲ್ಲ. ಎದ್ದು ಹತ್ತಿರ ಹೋಗುವಷ್ಟರಲ್ಲಿ ತಾನೇ ತಿರುಗತೊಡಗಿತು. ಆದರೆ ಸದ್ದು ಬೇರೆಯಾಗಿತ್ತು. ಮೊದಲು ಗುಡುಗುಡು ಅನ್ನುತ್ತಿದ್ದದ್ದು ಈಗ ಗರಗರ ಅನ್ನುತ್ತಿತ್ತು. ಅಭ್ಯಾಸಬಲದಿಂದ ವೇಳೆಯನ್ನು ಬುಕ್ಕಿನಲ್ಲಿ ಬರೆದುಕೊಂಡು, ಸುಮ್ಮನಾದೆ.

ಮರುದಿನ ತಂತಿ ಬಂತು, ಹೆಣ್ಣು ಮಗು, ಇಬ್ಬರೂ ಕ್ಷೇಮ ಎಂದು. ನಾನು ಗಿರಣಿಗೆ ಬಂದವರಿಗೆಲ್ಲ ಪೇಡೆ ಹಂಚಿದೆ. ಅದಕ್ಕೆ ಮೊದಲು ನಮಗೆ ಎರಡು ಸಲ ಕೂಸು ಹೊಟ್ಟೆಯಲ್ಲೇ ಹೋಗಿತ್ತು. ಎರಡನೇ ಸಲ ಶಾಂತಾ ಆರು ತಿಂಗಳು ಸರಿಯಾಗಿ ಮಾತಾಡಿರಲಿಲ್ಲ. ಆ ದಿನ ನಾನು ಎಷ್ಟು ಹಗುರಾಗಿದ್ದೆ ಎಂಬುದನ್ನು ಬರೆಯಲು ಬರುವುದಿಲ್ಲ.

ಆ ಹಗುರ ಒಂದು ವಾರವೂ ಬಾಳಲಿಲ್ಲ. ಅತ್ತೆ ಯಾರ ಕೈಯಿಂದಲೋ ಬರೆಸಿದ ಕಾಗದ ಬಂತು. ಹದಿಮೂರನೇ ದಿನ ತೊಟ್ಟಿಲು. ರೂಢಿಯ ಪ್ರಕಾರ ತೊಟ್ಟಿಲಲ್ಲಿ ಮೊದಲು ಮನೆಯ ಗುಂಡಕಲ್ಲು ಮಲಗಬೇಕು, ಅದರ ಹಿಂದೆ ಕೂಸು ಮಲಗಬೇಕು, ಕೂಸು ಕಲ್ಲಿನ ಹಾಗೆ ಗಟ್ಟಿಯಾಗಲಿ ಎಂದು. "ನಮ್ಮ ಕಲ್ಲಿನ ಹಿಂದ ಮಲಗಿದ ಕೂಸು ಇವತ್ತಿನತನಾ ಒಂದೂ ಕೈಬಿಟ್ಟಿಲ್ಲ. ಶಾಂತಿಗೆ ನಾ ಮಾತು ಕೊಟ್ಟೇನಿ. ನೀವು ಚಿಂತಿ ಮಾಡಬ್ಯಾಡ್ರಿ" ಎಂದು ಬರೆಸಿದ್ದರು. ಈ ಪದ್ಧತಿ ನನಗೆ ಗೊತ್ತಿಲ್ಲದ್ದಲ್ಲ, ನನ್ನನ್ನೂ ಹಾಗೇ ಮಲಗಿಸಿದ್ದರು. ಹೂವಿನ ಆಸೆಯಲ್ಲಿ ಮರೆತಿದ್ದೆ ಅಷ್ಟೆ. ನಾನು ನಂಬುವವನಲ್ಲ, ಸರಿ. ಶಾಂತಾ ನಂಬುತ್ತಾಳೆ. ಮುಂದೆ ಕೂಸಿಗೆ ಒಂದು ನೆಗಡಿ ಬಂದರೂ ಅವಳಿಗೆ ನಾನು ಏನು ಹೇಳಲಿ?

ತೊಟ್ಟಿಲಿನ ಹಿಂದಿನ ದಿನ, ಕಲ್ಲನ್ನು ಗುಟ್ಟಾಗಿ ವಾಪಸು ಇಟ್ಟುಬಿಡೋಣವೆಂದು ಲಾಲಸಾಬನ ಎದುರಿನಲ್ಲೇ ಮುಚ್ಚಳ ಬಿಚ್ಚಿದೆ. ಕೆಸರಿನಲ್ಲಿ ಕೈ ಹಾಕಿ ದೊಡ್ಡ ಕಲ್ಲನ್ನು ಎತ್ತಿ ತೊಳೆದೆ. ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಕಪ್ಪು ಕಲ್ಲು. ನಡುವಿಗೆ ಬಿಳಿ ಗೆರೆ. ಒಂದೇ ಒಂದು ಹೂವಿಲ್ಲ.

"ಇದು ಆ ಕಲ್ಲಲ್ರಿ ಸಾಹೇಬ್ರ" ಎಂದ ಲಾಲಸಾಬ.

ಹೂವಿನ ಪದರು ಸವೆದು ಒಳಗಿನ ಗೆರೆ ಹೊರಗೆ ಬಂದಿದೆ ಎಂದು ವಾದಿಸಿದೆ. ಪೆಟ್ಟಿನ ತಗ್ಗು ಎಲ್ಲಿ ಹೋಯಿತು ಎಂದು ಅವನು ಕೇಳಿದ. ಅದೂ ಸವೆದಿದೆ ಎಂದೆ. ಅವನು ನನ್ನ ಮುಖವನ್ನೇ ನೋಡಿ, "ನೀವು ಅಳತಿ ಮಾಡ್ತಾ ಇರ್ರಿ, ನಾ ಶೆಡ್ಡಿಗೆ ಲೋಬಾನದ ಹೊಗಿ ಹಾಕಸ್ತೇನಿ" ಎಂದು ಹೊರಟ. ನಾನು ನನ್ನ ವಾದವನ್ನೇ ಹಿಡಿದುಕೊಂಡೆ, ಏಕೆಂದರೆ ಅದನ್ನು ಬಿಟ್ಟರೆ ಹಿಡಿಯಲು ಬೇರೇನೂ ಇರಲಿಲ್ಲ. ಮನೆತನದ ಕಲ್ಲನ್ನು ಅರೆದು ಹಾಳುಮಾಡಿದ್ದೇನೆ, ಮಗಳ ತೊಟ್ಟಿಲಿಗೆ ನದಿಯ ಕಲ್ಲು ಇಟ್ಟಿದ್ದೇನೆ. ಎಲ್ಲಾ ಒಪ್ಪಿಕೊಂಡುಬಿಡುವುದೆಂದು ನಿಶ್ಚಯಿಸಿ ಆ ಹೊಳೆಯುವ ಕಲ್ಲನ್ನೇ ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿದೆ.

ಖಜೂರಿಯಲ್ಲಿ ಪಡಸಾಲೆ ತುಂಬ ಹೆಂಗಸರು. ನನ್ನ ತಂಗಿ ಹೆಸರಿಡಲು ಆಗಲೇ ಬಂದಿದ್ದಳು. ಕೂಸನ್ನು ಮಡಿಲಲ್ಲಿ ಹಾಕಿಕೊಂಡು ಶಾಂತಾ ನಗುತ್ತಿದ್ದಳು. ಹೇಗೋ ಧೈರ್ಯ ಮಾಡಿ, "ಅತ್ತಿಯವ್ರ, ಆ ಕಲ್ಲು" ಎಂದು ಬಾಯಿ ತೆಗೆಯುವಷ್ಟರಲ್ಲಿ ಅತ್ತೆ ಗುಂಡಕಲ್ಲಿನ ಮೇಲೆ ತಂಬಿಗೆಯಿಂದ ನೀರು ಸುರಿದರು.

ಹೂವುಗಳು ಎದ್ದವು. ತುದಿಯ ತಗ್ಗು ಅಲ್ಲೇ ಇತ್ತು. ಅದರ ಅಂಚು ದುಂಡಗಾಗಿತ್ತು.

ಅತ್ತೆ ತಗ್ಗಿನಲ್ಲಿ ಬೆರಳಾಡಿಸಿ, "ಇದೇನ ಬೇ, ಸಿಮೆಂಟ ಮೆತ್ತಿಧಂಗ ಮೆತ್ತ್ಯದ" ಎನ್ನುತ್ತ ತಲೆಯ ಪಿನ್ನು ತೆಗೆದು ಕೆರೆದರು. ಬೂದು ಬಣ್ಣದ ಕೆಸರು ಹೊರಬಿತ್ತು. ಆ ಕೆಸರನ್ನು ನಾನು ಎಷ್ಟೋ ಸಲ ಉಗುರಿನಿಂದ ತೆಗೆದಿದ್ದೇನೆ. ಅದು ನನ್ನ ಡ್ರಮ್ಮಿನ ಪುಡಿ.

ಆಮೇಲೆ ಕಲ್ಲಿಗೆ ಕೂಸುಗಳ ಕುಂಚಿಗೆ ಟೋಪಿ ಹಾಕಿ, ಕಾಡಿಗೆಯ ಬೊಟ್ಟಿಟ್ಟು, ತೊಟ್ಟಿಲ ಕೆಳಗಿಂದ ಮೇಲಿಂದ ಒಬ್ಬರಿಗೊಬ್ಬರು ದಾಟಿಸಿದರು. "ಥೇಟ್ ಅಪ್ಪನಂಗ ಅದ ನೋಡ್ರಿ, ಮಾತಿಲ್ಲ ಕತಿಲ್ಲ" ಎಂದು ಯಾರೋ ಅಂದರು, ಪಡಸಾಲೆಯೆಲ್ಲ ನಕ್ಕಿತು. ಕಲ್ಲಿನ ಹಿಂದೆ ನನ್ನ ಮಗಳನ್ನು ಮಲಗಿಸಿ ಸುಮಂಗಲಾ ಎಂದು ಕಿವಿಯಲ್ಲಿ ಕರೆದರು. ನಾನು ಕಂಬ ಹಿಡಿದುಕೊಂಡು ಅತ್ತುಬಿಟ್ಟೆ. ಎಲ್ಲರೂ ಅದನ್ನು ಸಂತೋಷ ಎಂದುಕೊಂಡರು. ಸಂತೋಷವೂ ಇತ್ತು, ಆದರೆ ಕಂಬ ಹಿಡಿದದ್ದು ಅದಕ್ಕಲ್ಲ.

ಅಷ್ಟರಲ್ಲಿ ಕೂಸಿಗೆ ಬಂಗಾರ ತಂದಿರಬಹುದೆಂಬ ಆಸೆಗೆ ನನ್ನ ತಂಗಿ ನನ್ನ ಚೀಲ ಬಿಚ್ಚಿದಳು. ಅತ್ತೆ ಕಪ್ಪು ಕಲ್ಲನ್ನು ಎತ್ತಿ ತಿರುಗಿಸಿ ನೋಡಿದರು. ಆಮೇಲೆ, "ಇರಲಿ ಬಿಡ್ರಿ ಅಳಿಯಂದ್ರ. ಕೈಲಾದದ್ದು ತಂದೀರಿ" ಎಂದರು.

ಊಟದ ಹೊತ್ತಿಗೆ, ಚಟ್ನಿ ಬಡಿಸಿದಾಗ, ಏನೂ ಗೊತ್ತಿಲ್ಲದವನ ಹಾಗೆ ಕೇಳಿದೆ, "ಚಟ್ನಿ ಭಾಳ ಛಲೋ ಆಗ್ಯದ್ರಿ. ಯಾವಾಗ್ಲೂ ಹಿಂಗ ಆಗ್ತದೇನ್ರಿ?"

"ಎಲ್ಲಿದ್ರಿ. ಕುಬಸಕ್ಕ ನೀವು ಬಂದು ಹ್ವಾದ ಮ್ಯಾಲ ಎರಡು ತಿಂಗಳ ಕಲ್ಲು ಬರೇ ಜಾರತಿತ್ತು. ಖಾರ ಒಂದ ಕಡಿ, ಬಳ್ಳೊಳ್ಳಿ ಒಂದ ಕಡಿ. ಕೂಸು ಹುಟ್ಟಿದ ದಿನದಿಂದ ನೆಟ್ಟಗಾತು" ಎಂದರು ಅತ್ತೆ. ಕೂಸು ಹುಟ್ಟಿದ ವೇಳೆ ಕೇಳಿದೆ. ಮಧ್ಯಾಹ್ನ ಮೂರರ ಸುಮಾರು ಎಂದರು. ಮತ್ತೆ ಚಟ್ನಿ ಬಡಿಸಲು ಬಂದಾಗ ಬೇಡವೆಂದೆ.

ಅತ್ತೆ ಜೀವಮಾನದಲ್ಲಿ ಅಫಜಲಪುರ ನೋಡಿರಲಿಲ್ಲ. ಲಾಲಸಾಬನ ಮೇಲೆ ಸಂಶಯಪಟ್ಟು ಒಮ್ಮೆ ಕೇಳಿಯೂ ಬಿಟ್ಟೆ. ಗಿರಣಿ ಬಂದ್ ಮಾಡಿ ಖಜೂರಿಗೆ ಹೋಗಿ ಕಲ್ಲು ಇಟ್ಟು ಬರಲು ತನಗೇನು ಹುಚ್ಚು ನಾಯಿ ಕಡಿದಿದೆಯೇ ಎಂದು ಬೈದು ಎಂಟು ದಿನ ಮಾತು ಬಿಟ್ಟ. ಎಷ್ಟೋ ವರ್ಷಗಳ ನಂತರ ಶಾಂತಾಳಿಗೆ ಎಲ್ಲಾ ಹೇಳಿದೆ. ಅವಳು ಕದ್ದದ್ದಕ್ಕೆ ಮಾತ್ರ ಬೈದಳು, ಉಳಿದದ್ದರಲ್ಲಿ ಅವಳಿಗೆ ಆಶ್ಚರ್ಯಪಡುವಂಥದ್ದು ಏನೂ ಕಾಣಲಿಲ್ಲ.

ಭೂಮಾಪನದಲ್ಲಿ ಲೆಕ್ಕ ತಾಳೆಯಾಗದಿದ್ದರೆ ಮತ್ತೊಮ್ಮೆ ಅಳೆಯಬೇಕು. ಇಲ್ಲೂ ಅದು ಸಾಧ್ಯವಿತ್ತು. ಡ್ರಮ್ಮು ಇನ್ನೂ ಹತ್ತು ವರ್ಷ ತಿರುಗಿತು, ಆ ಕಲ್ಲು ಖಜೂರಿಯ ಅಡುಗೆಮನೆಯಲ್ಲೇ ಇತ್ತು, ಪ್ರತಿ ರಜೆಗೆ ಹೋಗಿ ಅದರ ಚಟ್ನಿ ತಿಂದು ಬಂದಿದ್ದೇನೆ. ಇನ್ನೊಮ್ಮೆ ತಂದು ಹಾಕಿದ್ದರೆ ಒಂದು ತಿಂಗಳಲ್ಲಿ ಸತ್ಯ ಗೊತ್ತಾಗುತ್ತಿತ್ತು. ಯಾಕೆ ಹಾಕಲಿಲ್ಲ ಎಂದು ಲಾಲಸಾಬ ಕೇಳಿದಾಗೆಲ್ಲ ಕರೆಂಟಿನ ಭರವಸೆ ಇಲ್ಲ ಎನ್ನುತ್ತಿದ್ದೆ. ಸುಮಂಗಲಾ ಈಗ ಎರಡು ಮಕ್ಕಳ ತಾಯಿ. ನೆಗಡಿ ಬಿಟ್ಟರೆ ಅವಳಿಗೆ ದೊಡ್ಡ ಕಾಯಿಲೆ ಎಂಬುದು ಬಂದದ್ದೇ ಇಲ್ಲ. ನಾನು ಇವತ್ತಿಗೂ ಇಂಥದ್ದನ್ನೆಲ್ಲ ನಂಬುವುದಿಲ್ಲ. ಆದರೆ ಆ ಕಲ್ಲನ್ನು ಮುಟ್ಟುವುದಿಲ್ಲ.