ನಲ್ಲಿಯ ಬಾಯಿಗೆ ಇಟ್ಟ ಕುಂಕುಮ

ಕೊಟ್ರಬಸಮ್ಮನ ಮನೆಗೆ ನೊಣ ಕೂಡ ಕಾಲು ತೊಳೆದುಕೊಂಡೇ ಬರಬೇಕು ಎಂದು ಯಶವಂತನಗರದ ಅದಿರು ಲಾರಿಯವರು ಆಡಿಕೊಳ್ಳುತ್ತಾರೆ. ಅದು ಪೂರ್ತಿ ಸುಳ್ಳೇನಲ್ಲ. ಕಂಪ್ಲಿಯ ಅಕ್ಕಿ ಗಿರಣಿಯ ಮನೆಯಲ್ಲಿ ಹುಟ್ಟಿ ತೌಡಿನ ಧೂಳು ಗುಡಿಸುತ್ತ ಬೆಳೆದ ಹೆಣ್ಣು ಸಂಡೂರಿನ ಕಡೆ ಸೊಸೆಯಾಗಿ ಬಂದು ಮೂವತ್ತೈದು ವರ್ಷ ಗಣಿಯ ಕೆಂಪು ಧೂಳು ಒರೆಸಿದ್ದಾಳೆ. ಧೂಳೂ ಸೋತಿಲ್ಲ, ಅವಳೂ ಸೋತಿಲ್ಲ.

ಇಂಥವಳ ಮನೆಯಲ್ಲಿ ವೈನ್ ತಯಾರಾಗುತ್ತದೆ ಎಂದರೆ ನಂಟರಿಷ್ಟರು ಮೂಗು ಮುರಿಯದೆ ಬಿಡುತ್ತಾರೆಯೇ? ಹಣೆಗೆ ವಿಭೂತಿ, ಕೊರಳಲ್ಲಿ ಲಿಂಗ, ಹಿತ್ತಲಲ್ಲಿ ವೈನು! ಆದರೆ ಗಂಡ ಕೊಟ್ರಯ್ಯ ಗುಡ್ಡದ ಇಳಿಜಾರಿನಲ್ಲಿ ನೆಟ್ಟ ನೇರಳೆ ಗಿಡಗಳು ಮರವಾಗಿ, ಒಂದೇ ಸಲಕ್ಕೆ ಹಣ್ಣು ಸುರಿಸಿದಾಗ ಈ ನಂಟರು ಯಾರೂ ಬುಟ್ಟಿ ಹಿಡಿದು ಬರಲಿಲ್ಲ. ನೇರಳೆ ಹಣ್ಣಿಗೆ ಎರಡು ದಿನದ ಆಯುಸ್ಸು. ಮಗ ಹಾಲೇಶ್ ಎಲ್ಲೆಲ್ಲೋ ಓಡಾಡಿ ಕೆಲಸ ಕಲಿತು ಬಂದ, ಶೆಡ್ ಕಟ್ಟಿದ, ನಾಲ್ಕು ಸ್ಟೀಲ್ ಟ್ಯಾಂಕು ಕೂರಿಸಿದ, ಅಬಕಾರಿಯವರ ಕಾಗದವನ್ನೂ ತಂದ. ಕೊಟ್ರಬಸಮ್ಮ ಇವತ್ತಿನವರೆಗೂ ಆ ವೈನನ್ನು ನಾಲಿಗೆಗೆ ತಾಗಿಸಿದವಳಲ್ಲ. ಆದರೂ ಬಾಗಿಲಲ್ಲಿ ನಿಂತು ಒಮ್ಮೆ ಮೂಸಿದರೆ ಯಾವ ಟ್ಯಾಂಕಿನ ಹುದುಗು ಸರಿಯಿದೆ, ಯಾವುದು ಹಟ ಮಾಡುತ್ತಿದೆ ಎಂದು ಹೇಳಬಲ್ಲಳು.

ಉಳಿದಿದ್ದು ಆಹಾರ ಸುರಕ್ಷತೆಯ ಲೈಸೆನ್ಸು ಮಾತ್ರ. ಅದಿಲ್ಲದೆ ಒಂದು ಬಾಟಲಿಯೂ ಅಂಗಡಿಗೆ ಹೋಗುವಂತಿರಲಿಲ್ಲ. ಹೊಸಪೇಟೆಯ ಅಧಿಕಾರಿ ಸುಮಲತಾ ಒಂದು ಮಂಗಳವಾರ ತಪಾಸಣೆಗೆ ಬರುವವರಿದ್ದರು. ಹಿಂದಿನ ದಿನವೇ ಸೊಸೆ ಕಾವ್ಯ ಎಚ್ಚರಿಸಿದ್ದಳು.

“ಅತ್ತಿ, ನಾಳೆ ಟ್ಯಾಂಕಿಗೆ ಪೂಜಿ ಗೀಜಿ ಬ್ಯಾಡ್ರಿ. ಮೇಡಂ ಭಾಳ ಸ್ಟ್ರಿಕ್ಟ್ ಅಂತ.”

“ಹೂಂ ಬಿಡವಾ,” ಎಂದಳು ಕೊಟ್ರಬಸಮ್ಮ. ಮರುದಿನ ಬೆಳಿಗ್ಗೆ ಮಿಂದು ಪೂಜೆ ಮಾಡಿಯೂ ಬಿಟ್ಟಳು. ಮಕ್ಕಳನ್ನು ಪರೀಕ್ಷೆಗೆ ಕಳಿಸುವಾಗ ಹಣೆಗೆ ಕುಂಕುಮವಿಡದೆ ಕಳಿಸಿದ ಕೈಯಲ್ಲ ಅದು. ಟ್ಯಾಂಕಿಗೆ ಹಣೆ ಎಲ್ಲಿದೆ? ನಾಲ್ಕೂ ನಲ್ಲಿಯ ಬಾಯಿಗೆ ಒದ್ದೆ ಕುಂಕುಮದ ಬೊಟ್ಟು ಇಟ್ಟಳು. ಅಷ್ಟರಲ್ಲಿ ಗೇಟಿನ ಬಳಿ ಜೀಪಿನ ಸದ್ದಾಯಿತು. ಸೊಸೆಯ ಮಾತು ಆಗ ನೆನಪಾಯಿತು. ಕೈಗೆ ಸಿಕ್ಕ ಹಸಿ ಅರಿವೆಯಿಂದ ನಾಲ್ಕೂ ಬೊಟ್ಟುಗಳನ್ನು ಗಸಗಸ ಒರೆಸಿ, ಅರಿವೆಯನ್ನು ಮಡಿ ಬಟ್ಟೆಗಳ ಗಂಟಿಗೆ ತುರುಕಿ, ಏನೂ ತಿಳಿಯದವಳಂತೆ ನಿಂತಳು.

ಸುಮಲತಾ ನೀರಿನ ವರದಿ ನೋಡಿದರು, ಕೆಲಸದವರ ಉಗುರು ನೋಡಿದರು, ಮೂಲೆಮೂಲೆಗೆ ಟಾರ್ಚು ಬಿಟ್ಟರು. “ಗಣಿ ಪಕ್ಕದಾಗ ಇಷ್ಟು ಸ್ವಚ್ಛ ನೆಲ ನಾ ನೋಡಿಲ್ರಿ,” ಎಂದರು. ಕೊಟ್ರಬಸಮ್ಮನಿಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಕೊನೆಗೆ ಮಾದರಿ ತೆಗೆಯಬೇಕಾಯಿತು. ಹಾಲೇಶ್ ಎರಡನೇ ಟ್ಯಾಂಕಿನ ನಲ್ಲಿ ತಿರುವಿ, ನಲ್ಲಿಯ ಕೊಳೆ ಸೇರದಿರಲೆಂದು ಮೊದಲ ಧಾರೆಯನ್ನು ಚೆಲ್ಲಲು ಬಕೆಟ್ಟು ಎಳೆದುಕೊಂಡ.

“ಚೆಲ್ಲಬ್ಯಾಡಲೇ! ವರ್ಷದ ಬೆಳಿ ಅದು,” ಎಂದು ಕೊಟ್ರಯ್ಯ ಹಿಂದಿನಿಂದ ಗದರಿಸಿದ. ಒಂದು ಅಗುಳು ತಟ್ಟೆಯಲ್ಲಿ ಉಳಿದರೂ ಸಹಿಸದ ಮನುಷ್ಯ. ಅಧಿಕಾರಿ ತಲೆ ತಗ್ಗಿಸಿ ಚೀಟಿ ಬರೆಯುತ್ತಿದ್ದರು. ಹಾಲೇಶ್ ಅಪ್ಪನ ಮಾತಿಗೆ ಎದುರಾಡದೆ ಮೊದಲ ಧಾರೆಯನ್ನೇ ಬಾಟಲಿಗೆ ಹಿಡಿದ.

ಮೂರು ವಾರಕ್ಕೆ ಲ್ಯಾಬಿನ ವರದಿ ಬಂತು. ವೈನಿನಲ್ಲಿ ತಿನ್ನಬಾರದ ಕೃತಕ ಬಣ್ಣ ಸಿಕ್ಕಿದೆ, ಅರ್ಜಿ ತಡೆಹಿಡಿಯಲಾಗಿದೆ, ವಿವರಣೆ ಕೊಡಿ. ತೃಪ್ತಿಯಾಗದಿದ್ದರೆ ಲೈಸೆನ್ಸು ಇಲ್ಲ, ಮೇಲೆ ಕೇಸು ಬೇರೆ.

ಕೊಟ್ರಯ್ಯನಿಗೆ ಕೇಸಿಗಿಂತ ಬೇರೆಯದೇ ಚುಚ್ಚಿತು. ಆ ವರ್ಷ ಮಳೆ ಮುಂಚೆ ಬಂದು, ವೈನಿನ ಬಣ್ಣ ತುಸು ತೆಳುವಾಗಿದೆ ಎಂದು ಹಾಲೇಶ್ ಒಮ್ಮೆ ಗೊಣಗಿದ್ದ. ಅದು ಈಗ ನೆನಪಾಯಿತು.

“ಬಣ್ಣ ಹಾಕಿದ್ಯೇನಲೇ?”

“ಇಲ್ಲಪ್ಪ.”

“ಹಂಗಾರ ತಾನ ಬಂತೇನು?”

ಅವತ್ತಿನಿಂದ ಅಪ್ಪ ಮಗನ ಮಾತು ನಿಂತಿತು. ಒಬ್ಬ ಉಂಡು ಎದ್ದ ಮೇಲೆಯೇ ಇನ್ನೊಬ್ಬ ಊಟಕ್ಕೆ ಬರುತ್ತಿದ್ದ. ಕೊಟ್ರಬಸಮ್ಮ ಇಬ್ಬರಿಗೂ ರೊಟ್ಟಿ ಬಡಿದು ಹಾಕುತ್ತ, ನನ್ನ ಮಗ ಅಂಥವನಲ್ಲ ಎಂದುಕೊಳ್ಳುತ್ತಿದ್ದಳು. ಆದರೆ ಬಣ್ಣ ಎಲ್ಲಿಂದ ಬಂತು ಎಂದು ಅವಳಿಗೂ ಹೊಳೆಯಲಿಲ್ಲ.

ಶನಿವಾರ ಶೆಡ್ಡಿನ ಅರಿವೆಗಳನ್ನೆಲ್ಲ ಸೋಡಾ ಹಾಕಿ ಕುದಿಸುವುದು ಅವಳ ರೂಢಿ. ಆ ಶನಿವಾರ ಮಡಿ ಬಟ್ಟೆಗಳ ಗಂಟನ್ನೂ ಬಿಚ್ಚಿ ಹಾಕಿದಳು; ಅದರ ತಳದ ಒಂದು ಅರಿವೆಯಲ್ಲಿ ಕೆಂಪು ಕಲೆ ಉಳಿಯಿತು. ಇನ್ನೊಮ್ಮೆ ಕುದಿಸಿದಳು, ಕಲ್ಲಿಗೆ ಹಾಕಿ ಒಗೆದಳು. ಕಲೆ ಗುಲಾಬಿಗೆ ತಿರುಗಿತೇ ಹೊರತು ಜಪ್ಪಯ್ಯ ಎಂದರೂ ಹೋಗಲಿಲ್ಲ. ನೇರಳೆಯ ಕಲೆ ಅವಳಿಗೆ ಗೊತ್ತು, ಅದು ನೀಲಿಗೆ ತಿರುಗುತ್ತದೆ. ಅದಿರಿನ ಕಲೆಯೂ ಗೊತ್ತು. ಇದು ಎರಡೂ ಅಲ್ಲ, ಅಂದು ನಲ್ಲಿಯಿಂದ ಒರೆಸಿದ ಕುಂಕುಮ.

ಆ ವರ್ಷ ಅವಳು ತವರಿನ ಅರಿಷಿಣದ ಕುಂಕುಮ ಬಿಟ್ಟು, ಹೊಸಪೇಟೆಯ ಅಂಗಡಿಯಲ್ಲಿ ಮಿಂಚುತ್ತಿದ್ದ, ಕೃತಕ ಬಣ್ಣದ ಕುಂಕುಮದ ಪುಡಿಕೆಗೆ ಮನಸೋತಿದ್ದಳು. ದೇವರ ಮನೆಯಿಂದ ಒಂದು ಬಿಳಿ ಬತ್ತಿ ತಂದು ನೀರಲ್ಲಿ ನೆನೆಸಿ, ಆ ವರ್ಷ ಇನ್ನೂ ಯಾರೂ ತಿರುವಿರದ ಒಂದನೇ ಟ್ಯಾಂಕಿನ ನಲ್ಲಿಯ ಬಾಯೊಳಗೆ ತಿರುವಿ ಹೊರತೆಗೆದಳು. ಬತ್ತಿ ಗುಲಾಬಿಯಾಗಿತ್ತು. ಅವಸರದಲ್ಲಿ ಒರೆಸಿದ ಕುಂಕುಮ ಹೊರಗೆ ಹೋಗದೆ ಒಳಗೆ ಸೇರಿತ್ತು.

ಅರಿವೆ ಒಲೆಗೆ ಹಾಕಿ, ನಲ್ಲಿ ತೊಳೆದುಬಿಟ್ಟಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆ ಯೋಚನೆ ಅವಳಿಗೆ ಬರಲಿಲ್ಲ ಎಂದರೆ ಸುಳ್ಳಾಗುತ್ತದೆ. ಮೂವತ್ತೈದು ವರ್ಷದ ಮಡಿಯ ಹೆಸರು ಒಂದು ಬೊಟ್ಟಿಗೆ ಹೋಗುವುದೆಂದರೆ ಸಣ್ಣ ಮಾತೇ? ಒಲೆಯ ಮುಂದೆ ಅರಿವೆ ಹಿಡಿದುಕೊಂಡು ತುಸು ಹೊತ್ತು ನಿಂತಳು. ಆಮೇಲೆ ಪಡಸಾಲೆಗೆ ಬಂದು ಗಂಡನನ್ನೂ ಮಗನನ್ನೂ ಕೂಗಿದಳು.

“ಬಣ್ಣ ಹಾಕಿದಾಕಿ ನಾನು,” ಎಂದು ಬತ್ತಿ, ಅರಿವೆ, ಪುಡಿಕೆ ಮೂರನ್ನೂ ಅವರ ಮುಂದಿಟ್ಟು, ನಡೆದಿದ್ದನ್ನೆಲ್ಲ ಹೇಳಿದಳು.

ಹಾಲೇಶ್ ಬತ್ತಿಯನ್ನು ಎತ್ತಿ ಬೆಳಕಿಗೆ ಹಿಡಿದ. “ಆದ್ರೂ ಅವ್ವ, ಒಂದ್ ಚಂಬು ಚೆಲ್ಲಿ ಹಿಡಿದಿದ್ರ ಇದು ಬಾಟ್ಲಿಗೆ ಬರ್ತಿದ್ದಿಲ್ಲ,” ಎಂದ ಮೆಲ್ಲಗೆ. ಅಪ್ಪನ ಕಡೆ ನೋಡಲಿಲ್ಲ. ನೋಡುವ ಅಗತ್ಯವೂ ಇರಲಿಲ್ಲ. ಕೊಟ್ರಯ್ಯ ಹೆಗಲ ಮೇಲಿನ ವಲ್ಲಿ ಕೊಡವಿಕೊಂಡು ಹೊರಗೆ ಹೋದ.

ಸೋಮವಾರ ತಾಯಿ ಮಗ ಬಸ್ಸು ಹತ್ತಿ ಹೊಸಪೇಟೆಗೆ ಹೋದರು. ಸುಮಲತಾ ಗಂಭೀರವಾಗಿಯೇ ಕೇಳಿಸಿಕೊಂಡರು.

“ಅಮ್ಮಾರ, ಹಣಿಗೆ ಹಚ್ಚೋದು ಬ್ಯಾರೆ, ಹೊಟ್ಟಿಗೆ ಹೋಗೋದು ಬ್ಯಾರೆ. ಇದು ಹೊಟ್ಟಿಗೆ ವಿಷ.”

“ತಪ್ಪು ನಂದು ರೀ ಮೇಡಂ. ಹುಡುಗಂದಲ್ಲ. ಅದೊಂದು ಬರಕೊಳ್ರಿ.”

ಸುಮಲತಾ ಅವಳ ಮುಖವನ್ನೊಮ್ಮೆ ನೋಡಿ, ಪೆನ್ನು ತೆಗೆದು ಅದನ್ನೇ ಬರೆದುಕೊಂಡರು.

ಮರುವಾರ ಅವರೇ ಬಂದರು. ನಾಲ್ಕೂ ನಲ್ಲಿಗಳನ್ನು ಬಿಚ್ಚಿಸಿ ಬಿಸಿನೀರಲ್ಲಿ ತೊಳೆಸಿದರು, ಪ್ರತಿ ಟ್ಯಾಂಕಿನಿಂದ ಒಂದಷ್ಟು ಚೆಲ್ಲಿಸಿ ಹೊಸ ಮಾದರಿ ತೆಗೆದರು. ಕೊಟ್ರಯ್ಯ ಆ ಹೊತ್ತು ತೋಟದಲ್ಲಿದ್ದ. ಎರಡು ವಾರ ಮನೆಯವರೆಲ್ಲ ಜೀವ ಕೈಯಲ್ಲಿ ಹಿಡಿದುಕೊಂಡಿದ್ದರು. ಒಂದು ಮಧ್ಯಾಹ್ನ ಕಾವ್ಯ ಫೋನು ಹಿಡಿದುಕೊಂಡು ಅಂಗಳಕ್ಕೆ ಓಡಿ ಬಂದಳು.

“ಅತ್ತಿ, ಬಣ್ಣ ಇಲ್ಲಂತ್ರಿ! ಲೈಸೆನ್ಸ್ ಬಂತು!”

ಕೊಟ್ರಬಸಮ್ಮ ಇದ್ದಲ್ಲೇ ಕುಸಿದು ಕೂತು ಗಳಗಳ ಅತ್ತಳು. ಹೋದ ಜೀವ ಬಂದಂತಾಗಿತ್ತು. ಅತ್ತು ಮುಗಿದ ಮೇಲೆ ಎದ್ದು, ಕೂತಿದ್ದ ಜಾಗವನ್ನು ಒರೆಸಿದಳು.

ಬಾಟಲಿ ತುಂಬುವ ದಿನ ಅವಳು ತವರಿನ ಅರಿಷಿಣದ ಕುಂಕುಮವನ್ನೇ ತಟ್ಟೆಗೆ ಹಾಕಿಕೊಂಡು ಶೆಡ್ಡಿಗೆ ಬಂದಳು. ಕೈ ರೂಢಿಯಂತೆ ನಲ್ಲಿಯತ್ತ ಹೋಗಿ ಅರ್ಧಕ್ಕೆ ನಿಂತಿತು. ತಿರುಗಿ ಮಗನ ಹಣೆಗೆ ಹಚ್ಚಿದಳು. ಅಷ್ಟರಲ್ಲಿ ಕೊಟ್ರಯ್ಯ ಒಂದು ಚಂಬು ಹಿಡಿದು ಒಳಗೆ ಬಂದ. ಎರಡನೇ ಟ್ಯಾಂಕಿನ ನಲ್ಲಿ ತಿರುವಿ ಚಂಬು ತುಂಬಿಸಿದ. ಅದನ್ನು ತಾನೇ ಹೊತ್ತೊಯ್ದು ಹೊರಗಿನ ಮಣ್ಣಿಗೆ ಸುರಿದು, ಖಾಲಿ ಚಂಬು ಹಿಡಿದುಕೊಂಡೇ ಮಗನ ಮುಂದೆ ಬಂದು ನಿಂತ.

“ಇನ್ನೊಂದ್ ಚಂಬು ಚೆಲ್ಲಲೇನಪ್ಪಾ?”

ಹಾಲೇಶ್‌ ಅಪ್ಪನ ಕೈಯಿಂದ ಚಂಬು ಇಸಿದುಕೊಂಡ.

“ಸಾಕು ಬಿಡಪ್ಪ. ವರ್ಷದ ಬೆಳಿ ಅದು.”